ಐದನೇ ಫೈಲು

ಐದು ಎಲ್ಲಿ ಹೋಯಿತು? ತಾನೇ ಕೈತಪ್ಪಿ ಅಳಿಸಿಬಿಟ್ಟೆನೇ, ಅಥವಾ ಅದು ತನ್ನ ಬಳಿಗೆ ಬಂದೇ ಇರಲಿಲ್ಲವೇ? ಸಾಕ್ಷ್ಯಚಿತ್ರಕ್ಕೆ ಮಾತಾಡಿದ ಅಜ್ಜಿಯೊಬ್ಬರ ಗುಟ್ಟು ಹೊರಬಿದ್ದಿದೆ ಎಂದು ಕೇಳಿದ ಮೇಲೆ ಸುಬ್ರಮಣಿ ಮೂರನೇ ಸಲ ಲ್ಯಾಪ್‌ಟಾಪಿನಲ್ಲಿ ಹೋದ ವಾರದ ಮಂಗಳವಾರದ ಫೋಲ್ಡರ್ ತೆರೆದು ನೋಡಿದ. ಒಂದು, ಎರಡು, ಮೂರು, ನಾಲ್ಕು, ಆರು. ಧ್ವನಿ ಮುದ್ರಿಸುವ ಯಂತ್ರ ತಾನೇ ಹಾಕುವ ಸಂಖ್ಯೆಗಳು ಅವು. ಯಂತ್ರಕ್ಕೆ ಎಣಿಕೆ ತಪ್ಪುವುದಿಲ್ಲ. ಹಾಗಾದರೆ ಐದನ್ನು ಯಾರೋ ತೆಗೆದಿಟ್ಟುಕೊಂಡಿದ್ದಾರೆ. ಯಾರೋ ಎಂದರೆ ಯಾರು? ಯಂತ್ರ ಇರುವುದು ಗೆಳೆಯ ರವಿಯ ಕೈಯಲ್ಲಿ. ಆ ಹೆಸರಿನ ಹತ್ತಿರ ಬಂದಾಗಲೆಲ್ಲ ಅವನ ಮನಸ್ಸು ಬಿಸಿ ಪಾತ್ರೆ ಮುಟ್ಟಿದ ಬೆರಳಿನಂತೆ ಹಿಂದೆ ಸರಿಯುತ್ತಿತ್ತು.

"ಸುಬ್ಬೂ, ಬಾರೋ ಕೆಳಗೆ. ನಿಮ್ಮ ಸಿನಿಮಾದೋರು ಬಂದಿದಾರೆ."

ಕೂಗಿದವರು ಅನಂತಲಕ್ಷ್ಮಿ. ಬಸವೇಶ್ವರನಗರದ ಅವರ ಮನೆಯ ಮಹಡಿಯ ಒಂಟಿ ಕೋಣೆಗೆ ಸುಬ್ರಮಣಿ ಬಾಡಿಗೆಗೆ ಬಂದು ಆರು ವರ್ಷವಾಗಿತ್ತು. ಕೈಗಡಿಯಾರದ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಮೂವತ್ತೊಂದು ವರ್ಷ ಕೂತು, ವಾಚನ್ನು ಕಿವಿಗೆ ಹಿಡಿದೇ ದೋಷ ಹೇಳುತ್ತಿದ್ದವರು ಅವರು. ನಿವೃತ್ತಿಯಾದ ಮೇಲೆ ಆ ಕಿವಿ ಬೇರೆ ಕೆಲಸಕ್ಕೆ ಬಿತ್ತು. ಪೊಲೀಸರ ಹತ್ತಿರ ಹೋಗಲು ಅಂಜುವ ಎಷ್ಟೋ ಸಂಗತಿಗಳು ರಾಜಾಜಿನಗರದಿಂದಲೂ ಕೆಂಗೇರಿಯಿಂದಲೂ ಅವರ ಪಡಸಾಲೆಯ ಬೆತ್ತದ ಕುರ್ಚಿಗೆ ಬಂದು ಕೂರುತ್ತಿದ್ದವು. ಪಕ್ಕದಲ್ಲಿ ನೋಟ್‌ಬುಕ್ ಹಿಡಿದು ಸುಬ್ರಮಣಿ ಕೂರುತ್ತಿದ್ದ. ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಿ, ಜನರೊಡನೆ ಮಾತಾಡಬೇಕಾದ ಯಾವ ನೌಕರಿಯಲ್ಲೂ ನಿಲ್ಲಲಾರದೆ, ಬೇರೆಯವರ ಮಾತು ಕೇಳಿ ಟೈಪ್ ಮಾಡುವುದನ್ನೇ ಕಸುಬು ಮಾಡಿಕೊಂಡವನಿಗೆ ಅದು ಒಗ್ಗಿತ್ತು.

ಕೆಳಗೆ ಇಬ್ಬರಿದ್ದರು. ಒಬ್ಬಳು ಅನಘಾ. ಹೊಲಗದ್ದೆ ಲೇಔಟ್ ಆದ ಮೇಲೆ ಹಳೇ ಊರಿನವರು ತಮ್ಮನ್ನು ತಾವು ಏನೆಂದುಕೊಳ್ಳುತ್ತಾರೆ ಎಂಬುದರ ಬಗ್ಗೆ ಎರಡು ವರ್ಷದಿಂದ ಸಾಕ್ಷ್ಯಚಿತ್ರ ತೆಗೆಯುತ್ತಿದ್ದವಳು. ಎದುರಿಗಿರುವವರು ತಡವರಿಸಿದರೆ ಮಾತು ತುಂಬಿಸದೆ ಕಾಯುವ ಅವಳ ರೀತಿಯನ್ನು ರೆಕಾರ್ಡಿಂಗ್‌ಗಳಲ್ಲಿ ಕೇಳಿ ಕೇಳಿ ಅವನ್ನೆಲ್ಲ ಟೈಪ್ ಮಾಡುವ ಸುಬ್ರಮಣಿಗೆ ಅವಳ ಮೇಲೆ ಒಂದು ಬಗೆಯ ಭಕ್ತಿ ಹುಟ್ಟಿತ್ತು. ಇನ್ನೊಬ್ಬ ಮಲ್ಲತ್ತಹಳ್ಳಿಯ ಯಶ್ವಂತ್, ಚಿತ್ರದಲ್ಲಿ ಮಾತಾಡಿರುವ ಲಿಂಗಮ್ಮನ ಮೊಮ್ಮಗ. ಅವನು ಕೂರಲೇ ಇಲ್ಲ.

"ಇದನ್ನ ಕೇಳಿ ಆಂಟಿ," ಎಂದು ಫೋನ್ ಚಾಚಿದ.

ಮುದುಕಿಯ ಧ್ವನಿ. "ನಾನು ಈ ಮನೆ ಕುಲದೋಳಲ್ಲ ಕಣವ್ವ. ಕೆರೆಯಾಚೆ ಕೇರಿಯೋಳು. ನಮ್ಮಪ್ಪ ಈ ಮನೆ ಗದ್ದೇಲಿ ಆಳು..." ದೀರ್ಘವಾದ ಬಿಡುವು. "ಅಪ್ಪ ಅವ್ವ ಒಂದೇ ವಾರ ಹೋದ್ರು. ನಮ್ಮತ್ತೆ ನನ್ನ ಸೆರಗಲ್ಲಿ ಸುತ್ಕೊಂಡು ತಂದ್ರು. ಆಮೇಲೆ ಮಗನಿಗೇ ತಂದ್ಕೊಂಡ್ರು. ಯಾರಾದ್ರೂ ಕೇಳಿದ್ರೆ ತವರು ಮಾಗಡಿ ಕಡೆ ಅನ್ನು ಅಂದ್ರು." ಮತ್ತೆ ಬಿಡುವು. "ಅರವತ್ತು ವರ್ಷ ಅದನ್ನೇ ಅಂದೆ."

"ಭಾನುವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ನಮ್ಮೂರ ವಾಟ್ಸಾಪ್ ಗ್ರೂಪಿಗೆ ಬಿತ್ತು," ಎಂದ ಯಶ್ವಂತ್. "ಹತ್ತಕ್ಕೆ ನೆಂಟರೆಲ್ಲ ಬಾಗಿಲಲ್ಲಿ. ಬರೋ ಮಂಗಳವಾರ ಮಾರಮ್ಮನ ಹಬ್ಬ. ಮೊದಲ ತಂಬಿಟ್ಟಿನ ಆರತಿ ನಮ್ಮಜ್ಜೀದು, ಯಾವಾಗ್ಲೂ. ಈ ಸಲ ಅವರು ಎತ್ತೋ ಹಾಗಿಲ್ಲವಂತೆ. ಅಜ್ಜಿ ರೂಮ್ ಸೇರ್ಕೊಂಡೋರು ನಾಲ್ಕು ದಿನದಿಂದ ಯಾರ ಹತ್ರಾನೂ ಒಂದು ಮಾತಾಡಿಲ್ಲ."

"ಕಳಿಸಿದ ನಂಬರು?"

ಅನಘಾ ತಲೆ ತಗ್ಗಿಸಿದಳು. "ನಮ್ಮ ಪ್ರೊಡಕ್ಷನ್ ಫೋನಿಂದೇ ಹೋಗಿದೆ ಮೇಡಂ. ವಿಜಯನಗರದ ಆಫೀಸಿನ ಡ್ರಾಯರಲ್ಲಿರುತ್ತೆ. ನಾನು, ಕ್ಯಾಮೆರಾ ಸಂಪತ್, ಸೌಂಡ್ ರವಿಕುಮಾರ್, ನಿಮ್ಮ ಸುಬ್ರಮಣಿ, ನಾಲ್ಕೂ ಜನಕ್ಕೆ ಅದರ ಲಾಕ್ ಗೊತ್ತು. ಆದ್ರೆ... ಹೇಳೋಕೆ ಬೇಜಾರು. ಇಂಟರ್‌ವ್ಯೂ ಮುಗಿದು ಕ್ಯಾಮೆರಾ ಆಫ್ ಆದ್ಮೇಲೆ ಅಜ್ಜಿ ಇದನ್ನ ಹೇಳಿದ್ದು. ಕಾಲರ್ ಮೈಕ್ ಇನ್ನೂ ಆನ್ ಇತ್ತು, ರವಿ ನಿಲ್ಲಿಸಿರಲಿಲ್ಲ. ಅಜ್ಜಿಗೆ ನಾನು ಮಾತು ಕೊಟ್ಟಿದ್ದೆ, ಇದು ಚಿತ್ರದಲ್ಲಿ ಬರಲ್ಲ ಅಂತ. ಅದಕ್ಕೆ ಮೊದಲೇ ರವಿ ಆಫೀಸಲ್ಲಿ ಜಗಳ ಆಡಿದ್ದ. 'ಅಜ್ಜಿಯಿಂದ ಏನೇನೋ ಬಾಯಿ ಬಿಡಿಸ್ತಾ ಇದೀರ, ಒಂದಿನ ಊರಿಗೆಲ್ಲ ಗೊತ್ತಾಗುತ್ತೆ ನೋಡಿ' ಅಂದಿದ್ದ."

"ಶುಕ್ರವಾರ ಸಂಜೆವರೆಗೂ ಕಾಯ್ತೀನಿ," ಎಂದ ಯಶ್ವಂತ್. "ಇವರು ನಿಮ್ಮ ಮಾತು ಕೇಳೋಣ ಅಂದಿದ್ದಕ್ಕೆ. ಆಮೇಲೆ ಸ್ಟೇಷನ್‌ಗೆ ಹೋಗಿ ರವಿಕುಮಾರನ ಹೆಸರು ಬರೆಸ್ತೀನಿ. ಅವನು ಇನ್ಮೇಲೆ ಯಾರ ಮನೆಗೂ ಮೈಕ್ ತಗೊಂಡು ಹೋಗಬಾರದು."

ಅವರು ಹೋದ ಮೇಲೆ ಅನಂತಲಕ್ಷ್ಮಿ ತಮ್ಮ ಫೋನನ್ನು ಕಿವಿಗೆ ಒತ್ತಿ, ಯಶ್ವಂತ್ ಕಳಿಸಿದ ಆ ತುಣುಕನ್ನು ಏಳೆಂಟು ಸಲ ಕೇಳಿದರು. ಮಾತು ಬಂದಾಗ ಕಣ್ಣು ಬಿಡುತ್ತಿದ್ದರು. ಬಿಡುವು ಬಂದಾಗ ಮುಚ್ಚುತ್ತಿದ್ದರು.

"ಸುಬ್ಬು, ಆ ಅಜ್ಜೀದು ಪೂರ್ತಿ ನೀನೇ ಅಲ್ವಾ ಟೈಪ್ ಮಾಡಿದ್ದು? ಈ ಮಾತು ಅದರಲ್ಲಿತ್ತಾ?"

ಇರಲಿಲ್ಲ. ಅವನಿಗದು ಚೆನ್ನಾಗಿ ಗೊತ್ತಿತ್ತು. ಇಲ್ಲವೆಂದರೆ ಮುಂದಿನ ಪ್ರಶ್ನೆ ಸಂಖ್ಯೆಗಳ ಬಗ್ಗೆ, ಅದರ ಮುಂದಿನದು ರವಿಯ ಬಗ್ಗೆ. ನಾಯಂಡಹಳ್ಳಿಯಲ್ಲಿ ಒಂದೇ ವಠಾರದಲ್ಲಿ ಬೆಳೆದು, ಒಂದೇ ಸೈಕಲ್ಲಿನಲ್ಲಿ ಕಾಲೇಜಿಗೆ ಹೋದ ರವಿ. ತನ್ನನ್ನು ಈ ಚಿತ್ರದ ಕೆಲಸಕ್ಕೆ ಸೇರಿಸಿದವನೂ ಅವನೇ.

"ನೆನಪಿಲ್ಲ ಆಂಟಿ. ನಲವತ್ತು ಗಂಟೆ ರೆಕಾರ್ಡಿಂಗ್ ಅಲ್ವಾ."

"ಹೂಂ," ಎಂದರು ಅನಂತಲಕ್ಷ್ಮಿ. ಅಷ್ಟೇ.

ಆ ಬುಧವಾರ ಮಧ್ಯಾಹ್ನವೇ ಇಬ್ಬರೂ ಮಲ್ಲತ್ತಹಳ್ಳಿಗೆ ಹೋದರು. ಹಳೇ ಊರಿನ ಓಣಿಯಲ್ಲಿ ಮೂರು ಅಂತಸ್ತಿನ ಮನೆ. ಮೇಲೆ ಬಾಡಿಗೆಯವರು, ಕೆಳಗೆ ಮನೆಯವರು. ಪಡಸಾಲೆಯ ಒಂದು ಮೂಲೆಯಲ್ಲಿ ಊಟದ ಮೇಜು, ಅದರ ಪಕ್ಕ ತುಕ್ಕು ಹಿಡಿದ ಕಾಲಿನ ಹಳೇ ಫ್ರಿಜ್ಜು. ಲಿಂಗಮ್ಮನ ಕೋಣೆಯ ಬಾಗಿಲು ಮುಚ್ಚಿತ್ತು. ಅನಂತಲಕ್ಷ್ಮಿ ಬಾಗಿಲಿಗೆ ಹತ್ತಿರ ಕುರ್ಚಿ ಎಳೆದುಕೊಂಡು, "ಅಮ್ಮಾ, ನಿಮ್ಮ ಹತ್ರ ಏನೂ ಕೇಳಲ್ಲ. ಸುಮ್ನೆ ಸ್ವಲ್ಪ ಹೊತ್ತು ಕೂತಿರ್ತೀನಿ," ಎಂದರು.

ಒಳಗಿನಿಂದ ಬಳೆಯ ಸದ್ದೂ ಬರಲಿಲ್ಲ. ಕಾಲು ಗಂಟೆ ಹಾಗೇ ಕೂತರು. ಒಮ್ಮೆಲೆ ಫ್ರಿಜ್ಜು ಮೈ ಕೊಡವಿಕೊಂಡು ಗುರ್ರೆಂದಿತು; ಮೇಲಿಟ್ಟಿದ್ದ ಉಪ್ಪಿನಕಾಯಿ ಬಾಟಲಿಗಳು ಕಿಣಿಕಿಣಿ ಎಂದವು. ಅನಂತಲಕ್ಷ್ಮಿಯ ಮುಖ ವಾಚಿನ ಒಳಗಿನ ಕಸ ಕಂಡವರಂತೆ ಅರಳಿತು.

"ಏಳು, ಹೋಗೋಣ."

"ಅಷ್ಟೇನಾ ಆಂಟಿ?"

"ಇನ್ನೇನು, ಮುದ್ದೆ ಊಟಕ್ಕೆ ಕಾಯ್ತೀಯಾ?"

ಗುರುವಾರ ಮೊದಲು ವಿಜಯನಗರದ ಆಫೀಸು. ಸಂಪತ್ ಕ್ಯಾಮೆರಾ ಲೆನ್ಸ್ ಒರೆಸುತ್ತಿದ್ದ. "ಆವತ್ತು ಕ್ಯಾಮೆರಾ ಆಫ್ ಮಾಡಿ ನಾನು ಲೈಟ್ ಬಿಚ್ತಾ ಇದ್ದೆ. ಅಜ್ಜಿ ಅನಘಾ ಹತ್ರ ಪಿಸುಪಿಸು ಏನಂದ್ರೋ, ನನ್ನ ಕಿವಿಗೆ ಬೀಳಲಿಲ್ಲ. ಆಮೇಲೆ ರವಿ, ನಾನು, ಯಶ್ವಂತ್ ಮೂರೂ ಜನ ಕೆರೆ ಏರಿಗೆ ಹೋದ್ವಿ, ಸಂಜೆ ಬೆಳಕಲ್ಲಿ ಯಶ್ವಂತ್ ಮಾತಾಡೋದು ತೆಗಿಯೋಕೆ. ಅನಘಾ ಬರಲಿಲ್ಲ. ಅಜ್ಜಿ ಮುದ್ದೆ ಬಡಿಸ್ತಾ ಇದಾರೆ, ನೀವು ಹೋಗಿ ಅಂದ್ರು."

"ಭಾನುವಾರ ನೆಂಟರು ಬಾಗಿಲಿಗೆ ಬಂದಿದ್ದನ್ನೂ ತೆಗೆದಿದೀಯಂತೆ?"

"ಹೂಂ ಮೇಡಂ. ನಮಗೆ ಶನಿವಾರಾನೇ ಮೆಸೇಜ್ ಬಂದಿತ್ತಲ್ಲ." ಅವನು ತಂಡದ ಗ್ರೂಪ್ ತೆರೆದು ತೋರಿಸಿದ. ಅನಘಾ ಶನಿವಾರ ಸಂಜೆ ಆರಕ್ಕೆ ಬರೆದಿದ್ದಳು: ನಾಳೆ ಏಳೂವರೆಗೆ ಮಲ್ಲತ್ತಹಳ್ಳಿ. ವೈಡ್ ಲೆನ್ಸ್ ತಗೊಳ್ಳಿ, ಜನ ಇರ್ತಾರೆ. ರವಿ ಬರೋದು ಬೇಡ, ಕ್ಯಾಮೆರಾ ಮೈಕ್ ಸಾಕು.

ಸುಬ್ರಮಣಿಯ ಫೋನಿಗೂ ಆ ಮೆಸೇಜ್ ಬಂದಿತ್ತು. ಅವನು ಅದನ್ನು ಓದಿ ಮರೆತಿದ್ದ.

ಅಲ್ಲಿಂದ ನಾಯಂಡಹಳ್ಳಿ. ರವಿಕುಮಾರ್ ತನ್ನ ಅಪ್ಪನ ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದು ಕೂತಿದ್ದ. ಬೇರೆ ಎರಡು ತಂಡಗಳು ಆಗಲೇ ಅವನಿಗೆ ಬರಬೇಡ ಎಂದಿದ್ದವು.

"ಬಾ ಮಗಾ," ಎಂದು ಸುಬ್ರಮಣಿಯ ಹೆಗಲು ತಟ್ಟಿದ. ಗ್ರೀಸಿನ ಗುರುತು ಅಂಗಿಯ ಮೇಲೆ ಉಳಿಯಿತು. "ಆಂಟಿ, ನನ್ನ ರೆಕಾರ್ಡಿಂಗಲ್ಲಿ ಈ ಮಾತೇ ಇಲ್ಲ. ಎಷ್ಟು ಸಲ ಹೇಳಿದ್ರೂ ಯಾರೂ ನಂಬ್ತಿಲ್ಲ. ಕಾಪಿ ಆದ್ಮೇಲೆ ಕಾರ್ಡ್ ಅಳಿಸೋದು ನಮ್ಮ ರೂಢಿ, ಹಂಗಾಗಿ ತೋರ್ಸೋಕೂ ಏನಿಲ್ಲ."

"ಅದಿರಲಿ. ಒಬ್ಬರ ಮನೆಗೆ ಹೋದ್ರೆ ನೀನು ಮೊದಲು ಏನು ಮಾಡ್ತೀಯ?"

"ಬಾಯಿ ಮುಚ್ಚಿಸೋ ಕೆಲಸ. ಫ್ಯಾನ್ ಆಫ್, ಮೋಟ್ರು ಆಫ್, ಫ್ರಿಜ್ ಪ್ಲಗ್ ಕೀಳ್ತೀನಿ. ಗಾಡಿ ಕೀ ತೆಗೆದು ಫ್ರಿಜ್ ಒಳಗಿಡ್ತೀನಿ."

"ಫ್ರಿಜ್ ಒಳಗಾ?"

"ಇಲ್ಲಾಂದ್ರೆ ಹೊರಡೋವಾಗ ಪ್ಲಗ್ ಹಾಕೋದು ಮರೀತೀವಿ ಆಂಟಿ. ಕೀ ಒಳಗಿದ್ರೆ ಮರೆಯೋ ಹಂಗೇ ಇಲ್ಲ. ಮೊದಲೊಂದ್ಸಲ ಕೆಂಗೇರೀಲಿ ಮರೆತು ಬಂದು, ಎರಡು ಕೇಜಿ ಕೋಳಿ ಹಾಳಾಗಿ, ಆ ಮನೆಯಮ್ಮ ಫೋನಲ್ಲಿ ನಮ್ಮ ವಂಶಾನೇ ತೊಳೆದ್ರು." ಅವನು ನಕ್ಕ, ನಗು ಅರ್ಧಕ್ಕೇ ನಿಂತಿತು.

"ಆವತ್ತಿನದು ಎಲ್ಲಾ ಫೈಲೂ ಕೊಟ್ಟಿದೀಯಾ?"

ರವಿ ತಲೆ ಕೆರೆದುಕೊಂಡ. "ಒಂದು ನನ್ನ ಹತ್ರಾನೇ ಇದೆ. ಯಾರಿಗೂ ಬೇಡದ್ದು ಅದು. ನಿಮಗೆ ಕಳಿಸ್ತೀನಿ ಬಿಡಿ."

ಅಂದರೆ ನಿಜ. ಮೈಸೂರು ರಸ್ತೆಯ ಲಾರಿಗಳ ಸದ್ದಿನಲ್ಲಿ ಮುಂದಿನ ಮಾತು ಸುಬ್ರಮಣಿಗೆ ಕೇಳಿಸಲಿಲ್ಲ. ಚಿಕ್ಕಂದಿನ ಗೆಳೆತನ ಎದುರಿಗೆ ಕೂತು, ಬಟ್ಟೆಗೆ ಕೈ ಒರೆಸಿಕೊಳ್ಳುತ್ತಿತ್ತು. ಎಷ್ಟು ಸುಲಭವಾಗಿ ಒಪ್ಪಿಕೊಂಡ! ಆ ಅಜ್ಜಿಯ ಮಾತನ್ನು ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದವನು ತನ್ನನ್ನು ಮಗಾ ಎಂದು ಕರೆಯುತ್ತಾನೆ. ಮನೆಗೆ ಬರುವ ದಾರಿಯುದ್ದಕ್ಕೂ ಅವನು ಆಟೋದ ಕಂಬಿಯನ್ನು ನೋಡುತ್ತ ಕೂತ.

ಶುಕ್ರವಾರ ನಾಲ್ಕು ಗಂಟೆಗೆ ಲಿಂಗಮ್ಮನ ಮನೆಯ ಪಡಸಾಲೆಯಲ್ಲಿ ಎಲ್ಲರೂ ಸೇರಿದರು. ಅನಘಾ ಕಿಟಕಿಯ ಪಕ್ಕ, ಸಂಪತ್ ಅವಳ ಹಿಂದೆ, ರವಿ ಬಾಗಿಲ ಹತ್ತಿರ. ಯಶ್ವಂತ್ ಅಜ್ಜಿಯ ಕೋಣೆಗೆ ಬೆನ್ನು ಕೊಟ್ಟು ಕಾವಲುಗಾರನಂತೆ ನಿಂತಿದ್ದ. ಬಾಗಿಲು ಇನ್ನೂ ಮುಚ್ಚಿತ್ತು.

"ರವಿ, ಆವತ್ತು ಬಂದ ತಕ್ಷಣ ಏನು ಮಾಡಿದ್ಯೋ ಅದನ್ನೇ ಮಾಡು," ಎಂದರು ಅನಂತಲಕ್ಷ್ಮಿ.

ರವಿ ಫ್ಯಾನ್ ನಿಲ್ಲಿಸಿದ. ಫ್ರಿಜ್ಜಿನ ಪ್ಲಗ್ ಕಿತ್ತು, ಬೈಕಿನ ಕೀಯನ್ನು ಮೊಸರಿನ ಪಾತ್ರೆಯ ಪಕ್ಕ ಇಟ್ಟು ಬಾಗಿಲು ಹಾಕಿದ.

"ಇಂಟರ್‌ವ್ಯೂ ಮುಗಿದ ಮೇಲೆ?"

"ಸಂಪತ್ ಲೈಟ್ ಬಿಚ್ಚಿ ಆದ್ಮೇಲೆ ಎಲ್ಲರನ್ನೂ ಒಂದು ನಿಮಿಷ ಸುಮ್ನಿರಿ ಅಂದೆ. ಪ್ರತಿ ಮನೇಲೂ ಹಂಗೇ. ಯಾರೂ ಮಾತಾಡದಿದ್ದಾಗ ಆ ಕೋಣೆಗೆ ಅದರದ್ದೇ ಒಂದು ಸದ್ದಿರುತ್ತೆ ಆಂಟಿ. ಎಡಿಟಿಂಗಲ್ಲಿ ಮಾತು ಕತ್ತರಿಸಿದ ಕಡೆ ತೇಪೆ ಹಾಕೋಕೆ ಆ ಮೌನ ಬೇಕು. ಅದನ್ನ ರೆಕಾರ್ಡ್ ಮಾಡಿ, ಅಜ್ಜಿ ಸೀರೆಯಿಂದ ಮೈಕ್ ಬಿಚ್ಚಿ, ಪ್ಲಗ್ ಹಾಕಿ, ಕೀ ತಗೊಂಡೆ."

"ಆ ಮೌನದ ಫೈಲನ್ನ ಸುಬ್ಬುಗೆ ಯಾಕೆ ಕಳಿಸಲಿಲ್ಲ?"

"ಮಾತೇ ಇಲ್ಲ, ಅವನೇನು ಟೈಪ್ ಮಾಡ್ತಾನೆ?" ಎಂದ ರವಿ. "ಯಾವತ್ತೂ ಕಳಿಸಲ್ಲ."

ಸುಬ್ರಮಣಿಗೆ ಕೂತ ಕುರ್ಚಿ ಒಂದು ಗೇಣು ಕೆಳಗಿಳಿದಂತಾಯಿತು.

"ಕೇಳಿ," ಎಂದು ಅನಂತಲಕ್ಷ್ಮಿ ಫೋನನ್ನು ಮೇಜಿನ ಮೇಲಿಟ್ಟರು. "ಇದು ರವಿಯ ಐದನೇ ಫೈಲು."

ಒಂದು ನಿಮಿಷ. ಗೋಡೆ ಗಡಿಯಾರದ ಟಿಕ್ ಟಿಕ್, ದೂರದಲ್ಲೊಂದು ಕಾಗೆ, ಯಾರೋ ಉಗುಳು ನುಂಗಿದ ಸದ್ದು. ಬೇರೇನಿಲ್ಲ.

"ಈಗ ಗ್ರೂಪಿಗೆ ಬಂದಿದ್ದನ್ನ ಹಾಕ್ತೀನಿ. ಅಮ್ಮನ ಮಾತು ಬಿಡಿ. ಅವರು ಸುಮ್ಮನಾಗ್ತಾರಲ್ಲ, ಅಲ್ಲಿ ಕೇಳಿ."

"...ಗದ್ದೇಲಿ ಆಳು." ಬಿಡುವು. ಆ ಬಿಡುವಿನ ತಳದಲ್ಲಿ ಸಣ್ಣಗೆ, ಬಿಡದೆ, ಗುರ್ರೆನ್ನುವ ಒಂದು ಸದ್ದು. ಅದರ ಮೇಲೆ ಗಾಜಿಗೆ ಗಾಜು ತಾಗುವ ಕಿಣಿಕಿಣಿ.

ಯಶ್ವಂತ್ ಮೆಲ್ಲನೆ ತಿರುಗಿ ಫ್ರಿಜ್ಜಿನ ಕಡೆ ನೋಡಿದ.

"ಹೌದಪ್ಪ, ನಿಮ್ಮ ಫ್ರಿಜ್ಜೇ. ರವಿ ಬಂದಾಗಿನಿಂದ ಪ್ಯಾಕ್ ಮಾಡೋವರೆಗೂ ಅದರ ಪ್ಲಗ್ ಕಿತ್ತಿತ್ತು. ಇಂಟರ್‌ವ್ಯೂ ಆದ ತಕ್ಷಣ ಕಾಲರ್ ಮೈಕಲ್ಲಿ ಬಂದ ಮಾತಾಗಿದ್ರೆ ಈ ಸದ್ದು ಇರೋ ಹಾಗೇ ಇಲ್ಲ. ಇದು ಪ್ಲಗ್ ಹಾಕಿದ ಮೇಲೆ ಯಾರೋ ಮೇಜಿನ ಮೇಲೆ ಫೋನ್ ಇಟ್ಕೊಂಡು ಹಿಡಿದದ್ದು."

"ಫ್ರಿಜ್ ಆಗಾಗ ತಾನೇ ನಿಲ್ಲುತ್ತೆ, ಶುರುವಾಗುತ್ತೆ ಮೇಡಂ," ಎಂದಳು ಅನಘಾ. ಧ್ವನಿ ಸಮಾಧಾನವಾಗಿಯೇ ಇತ್ತು. "ರವಿ ಪ್ಲಗ್ ಕಿತ್ತಿದ್ದ ಅನ್ನೋಕೆ ಅವನ ಮಾತೇ ತಾನೇ ಸಾಕ್ಷಿ?"

"ಸಂಪತ್?"

"ಕಿತ್ತಿದ್ದ," ಎಂದ ಸಂಪತ್, ಅವಳ ಮುಖ ನೋಡದೆ. "ಕೆರೆಗೆ ಹೊರಡೋವಾಗ ಪ್ಲಗ್ ಹಾಕಿ, ಒಳಗಿಂದ ಕೀ ತೆಗೆದ. ತಣ್ಣಗಿದ್ದ ಕೀನ ನನ್ನ ಕತ್ತಿಗೆ ಇಟ್ಟ, ತಮಾಷೆಗೆ."

"ನಾನೂ ನೋಡ್ದೆ," ಎಂದ ಯಶ್ವಂತ್.

"ಆಮೇಲೆ ನೀವು ಮೂರು ಜನ ಕೆರೆ ಏರಿ ಮೇಲೆ. ರವಿಯ ಆರನೇ ಫೈಲಲ್ಲಿ ಮೂವರ ಧ್ವನಿಯೂ ಇದೆ. ಸುಬ್ಬು ಈ ಮನೆ ಹೊಸಲು ತುಳಿದದ್ದೇ ಮೊನ್ನೆ. ಪ್ರೊಡಕ್ಷನ್ ಫೋನಿನ ಲಾಕ್ ಗೊತ್ತಿದ್ದ ನಾಲ್ವರಲ್ಲಿ, ಫ್ರಿಜ್ ಶುರುವಾದ ಮೇಲೆ ಇಲ್ಲಿ ಉಳಿದದ್ದು ಒಬ್ಬಳೇ." ಅವರು ಸ್ವಲ್ಪ ತಡೆದರು. "ಇನ್ನೊಂದು. ಭಾನುವಾರ ಒಂಬತ್ತಕ್ಕೆ ಊರಿಗೆ ಗೊತ್ತಾದ ಸುದ್ದಿಗೆ, ಶನಿವಾರ ಆರಕ್ಕೇ ಜನ ಸೇರ್ತಾರೆ, ವೈಡ್ ಲೆನ್ಸ್ ತಗೊಳ್ಳಿ ಅಂತ ಹೇಗೆ ಬರೆದೆ ಅನಘಾ? ಯಶ್ವಂತ್, ಆವತ್ತು ನಿಮ್ಮನೇಲಿ ಏನಾದ್ರೂ ಕಾರ್ಯ ಇತ್ತಾ?"

"ಏನೂ ಇರಲಿಲ್ಲ."

ಗಡಿಯಾರವೊಂದೇ ಸದ್ದು ಮಾಡುತ್ತಿತ್ತು. ಇಂಥ ಮೌನವನ್ನು ಅನಘಾ ಎಷ್ಟು ಚೆನ್ನಾಗಿ ಕಾಯುತ್ತಿದ್ದಳೆಂದು ಸುಬ್ರಮಣಿಗೆ ಗೊತ್ತಿತ್ತು. ಈ ಸಲ ಅವಳಿಗೆ ಕಾಯಲಾಗಲಿಲ್ಲ.

"ಎರಡು ವರ್ಷ," ಎಂದಳು. "ಎರಡು ವರ್ಷ ಎಲ್ಲರೂ ಒಂದೇ ಪಾಠ ಒಪ್ಪಿಸ್ತಾ ಇದ್ರು. ಗದ್ದೆ ಹೋಯ್ತು, ಸೈಟ್ ಆಯ್ತು, ನಾವು ಮಾತ್ರ ಬದಲಾಗಿಲ್ಲ. ತೆಗೆದಷ್ಟನ್ನ ನೋಡಿದೋರೆಲ್ಲ ಕೇಳಿದ್ರು, ಇದರಲ್ಲಿ ಏನಾಗುತ್ತೆ ಅಂತ. ಅಜ್ಜಿ ಹೇಳಿದ್ದು ನಿಜ. ಆದ್ರೆ ನಾನು ಮಾತು ಕೊಟ್ಟಿದ್ದೆ, ಚಿತ್ರಕ್ಕೆ ಹಾಕೋ ಹಾಗಿರಲಿಲ್ಲ. ಊರಿಗೇ ಗೊತ್ತಾದ್ರೆ ಆಮೇಲೆ ಆಗೋದನ್ನ ತೆಗೀಬಹುದಲ್ಲ ಅಂತ... ನಾನು ಸುಳ್ಳೇನೂ ಕಳಿಸಿಲ್ಲ."

"ನನ್ನ ಹೆಸರು?" ಎಂದ ರವಿ. "ಅದೂ ನಿಜಾನಾ ಮೇಡಂ?"

ಅಷ್ಟರಲ್ಲಿ ಅಗುಳಿ ಸರಿದ ಸದ್ದಾಯಿತು. ಲಿಂಗಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಆರು ದಿನದಿಂದ ಬಾಚದ ಕೂದಲು, ಇಸ್ತ್ರಿಯಿಲ್ಲದ ಸೀರೆ. ಕಣ್ಣು ಮಾತ್ರ ನೇರ ಅನಘಾಳ ಮೇಲಿತ್ತು.

"ಆ ಹುಡುಗನ ಮೈಕಿನ ಪೆಟ್ಟಿಗೆ ಕೇಳಿಸ್ಕೊಂಡಿರಬೇಕು ಅಂತ ನೀನು ಹೇಳಿ ಕಳಿಸ್ದೆ. ನಾನು ನಂಬ್ದೆ. ಇನ್ನೂ ಮುದ್ದೆ ತಿಂದ ಕೈ ತೊಳೆದಿರಲಿಲ್ವಲ್ಲವ್ವ ನೀನು. ಉಂಡ ಮನೆ ಜಂತೆ ಎಣಿಸಿದೆಯಲ್ಲ."

"ಅಜ್ಜಿ..."

"ಕೇರಿಯೋಳು ಅನ್ನೋಕೆ ನಂಗೆ ನಾಚಿಕೆ ಇಲ್ಲ ಕಣವ್ವ. ನಮ್ಮತ್ತೆಗೆ ಆಣೆ ಇಟ್ಟಿದ್ದೆ, ಅದಕ್ಕೆ ಇಷ್ಟು ವರ್ಷ ಬಾಯಿ ಕಟ್ಕೊಂಡೆ. ಎಂದಾದ್ರೂ ಹೇಳೋದಾದ್ರೆ ನಾನೇ ಹೇಳ್ಬೇಕಿತ್ತು. ಮಾರಮ್ಮನ ಮುಂದೆ, ಎಲ್ಲರ ಎದುರಿಗೆ. ಆ ಮಾತು ನಂದು. ನೀನು ಕದ್ಕೊಂಡು ಹೋದೆ." ಅವರು ಮೊಮ್ಮಗನ ಕಡೆ ತಿರುಗಿದರು. "ಅಕ್ಕಿ ನೆನೆ ಹಾಕು ಅನ್ನು ನಿಮ್ಮವ್ವಂಗೆ. ಮಂಗಳವಾರ ತಂಬಿಟ್ಟು ನಾನೇ ಎತ್ತೋದು. ಬೇಡ ಅನ್ನೋರು ಬಂದು ನನ್ನ ಕೈಯಿಂದ ಕಿತ್ಕೊಳ್ಳಲಿ."

ಅನಘಾ ಎದ್ದು ಹೋದಳು. ಎರಡು ವರ್ಷದ ಕೆಲಸವಿದ್ದ ಹಾರ್ಡ್ ಡಿಸ್ಕನ್ನು ಸಂಪತ್ ಬ್ಯಾಗಿನಿಂದ ತೆಗೆದು ಯಶ್ವಂತನ ಕೈಗಿತ್ತ. ಲಿಂಗಮ್ಮನ ಮುಖ ಅದರಲ್ಲಿ ಇರಬೇಕೋ ಬೇಡವೋ ಎಂಬುದನ್ನು ಇನ್ನು ಅವರೇ ಹೇಳಬೇಕಿತ್ತು. ರವಿ ಯಾರೂ ಹೇಳದೆಯೇ ಫ್ರಿಜ್ಜಿನ ಪ್ಲಗ್ ಹಾಕಿ, ಕೀ ತೆಗೆದುಕೊಂಡ. ಬಾಟಲಿಗಳು ಕಿಣಿಕಿಣಿ ಎಂದವು.

ಹೊರಗೆ ಓಣಿಯಲ್ಲಿ ಅನಂತಲಕ್ಷ್ಮಿ ಚಪ್ಪಲಿ ಮೆಟ್ಟುತ್ತ, ಸುಬ್ರಮಣಿಗೆ ಮಾತ್ರ ಕೇಳುವಂತೆ ಹೇಳಿದರು. "ಆ ಮಾತು ಟೈಪ್ ಮಾಡಿಲ್ಲ ಅಂತ ಬುಧವಾರಾನೇ ನೆನಪಾಗಿದ್ದಿದ್ರೆ, ಆ ಹುಡುಗ ಎರಡು ದಿನ ಕಡಿಮೆ ಕೊರಗ್ತಿದ್ದ. ನಿನ್ನ ನೆನಪು ಚೆನ್ನಾಗಿದೆ ಅಂತ ನಾನು ತಿಳ್ಕೊಂಡಿದ್ದೆ ಕಣೋ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಆಟೋ ಹತ್ತಿ ಹೋದರು. ಬಾ ಎಂದು ಕರೆಯಲಿಲ್ಲ.

ರವಿ ಬೈಕ್ ತಂದ. ಅನ್ನಪೂರ್ಣೇಶ್ವರಿ ನಗರದ ತಿರುವಿನಲ್ಲಿ ನಿಲ್ಲಿಸಿ ಇಬ್ಬರೂ ಟೀ ಹೇಳಿದರು. ರವಿ ಲೋಟ ತಿರುಗಿಸುತ್ತ ಮಾತಿಗೆ ತೊಡಗಿದ.

"ನಮ್ಮಪ್ಪನೇ ಒಂದು ದಿನ ಕೇಳಿಬಿಟ್ರು ಮಗಾ, ನಿಜ ಹೇಳು, ನೀನೇನಾದ್ರೂ ಮಾಡಿದ್ಯಾ ಅಂತ. ಊರೆಲ್ಲ ನನ್ನ ಮೇಲೆ ಬಿತ್ತು. ನೀನೊಬ್ಬ ನಂಬ್ದೆ. ಆಂಟಿ ಜೊತೆ ನೀನು ಗ್ಯಾರೇಜಿಗೆ ಬಂದ್ಯಲ್ಲ, ಅವತ್ತೇ ನಂಗೆ ಧೈರ್ಯ ಬಂತು."

ಸುಬ್ರಮಣಿ ಲೋಟದೊಳಗೆ ನೋಡಿದ. ಟೀ ಮೇಲೆ ಕೆನೆ ಕಟ್ಟುತ್ತಿತ್ತು. "ಕುಡಿ, ಆರಿ ಹೋಗುತ್ತೆ," ಎಂದ.

ಮನೆಗೆ ಬಂದು ಅವನು ಲ್ಯಾಪ್‌ಟಾಪ್ ತೆರೆದ. ಎರಡು ವರ್ಷದ ಫೋಲ್ಡರುಗಳನ್ನು ಒಂದೊಂದಾಗಿ ನೋಡುತ್ತ ಹೋದ. ಈ ಹಿಂದೆ ಸಂಖ್ಯೆಗಳ ಕಡೆ ಅವನು ಕಣ್ಣೇ ಹಾಯಿಸಿರಲಿಲ್ಲ. ಒಂದರಲ್ಲಿ ಮೂರು ಇರಲಿಲ್ಲ, ಒಂದರಲ್ಲಿ ಏಳು, ಇನ್ನೊಂದರಲ್ಲಿ ನಾಲ್ಕು. ಪ್ರತಿ ಮನೆಯಿಂದಲೂ ಒಂದು ಸಂಖ್ಯೆ ಬಿಟ್ಟುಹೋಗಿತ್ತು.

ಆಮೇಲೆ ರವಿಕುಮಾರನಿಗೆ ಬೇರೆ ಕೆಲಸಗಳು ಬಂದವು. ಸಿಕ್ಕಾಗಲೆಲ್ಲ ಅವನು ಅದೇ ಮಾತು ಹೇಳುತ್ತಿದ್ದ, ನೀನೊಬ್ಬ ನಂಬಿದ್ದೆ ಎಂದು. ತಾನೂ ಅವನನ್ನು ನಂಬಿರಲಿಲ್ಲವೆಂದು ಸುಬ್ರಮಣಿ ಅವನಿಗೆ ಎಂದೂ ಹೇಳಲಿಲ್ಲ.